ಶನಿವಾರದ 44 ಮೈಲಿ: ದೇವಸ್ಥಾನದ ಸೇವೆಗೆ ಅಮೆರಿಕದಲ್ಲಿ ಟ್ಯಾಕ್ಸ್ ಕಡಿತ ಪಡೆಯುವುದು ಹೇಗೆ

ನನ್ನ ಕಾರಿನ ಗ್ಲವ್ ಬಾಕ್ಸಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರುತ್ತದೆ. ಅದಕ್ಕೊಂದು ಪೆನ್ನು ದಾರದಲ್ಲಿ ಕಟ್ಟಿದ್ದೇನೆ. ಶನಿವಾರ ಬೆಳಗ್ಗೆ ದೇವಸ್ಥಾನದ ಅಡುಗೆಮನೆಗೆ ಹೋಗುವಾಗ ತಾರೀಖು, ಓಡೋಮೀಟರ್ ನಂಬರು, ‘ಅನ್ನದಾನದ ಅಡುಗೆ’ ಎಂಬ ಎರಡು ಪದ, ಇಷ್ಟನ್ನು ಬರೆಯುತ್ತೇನೆ. ವಾಪಸ್ ಬಂದ ಮೇಲೆ ಇನ್ನೊಂದು ನಂಬರು. ಹೋಗಿ ಬರಲು 44 ಮೈಲಿ.

ನಾನು ಹಾಸನದ ಕಡೆಯವಳು. ನ್ಯೂಜೆರ್ಸಿಗೆ ಬಂದು 26 ವರ್ಷ ಆಯಿತು. ದೇವಸ್ಥಾನದಲ್ಲಿ ನನ್ನ ಜೊತೆ ಹುಳಿ ಕಲಸುವ, ಪಾತ್ರೆ ತೊಳೆಯುವ ಹೆಂಗಸರು ಪ್ರತಿ ವರ್ಷ ಮಾರ್ಚ್ ಬಂದರೆ ಕೇಳುತ್ತಾರೆ: “ಅಕ್ಕಾ, ನಾವು ಕೊಟ್ಟಿದ್ದು, ಓಡಾಡಿದ್ದು ಟ್ಯಾಕ್ಸಿನಲ್ಲಿ ಹಾಕಬಹುದಾ?” ಹಾಕಬಹುದು. ತೆರಿಗೆ ಕಟ್ಟುವ ಆದಾಯದಿಂದ ಅಷ್ಟು ಮೊತ್ತ ಕಳೆಯುತ್ತಾರೆ, ಕಡಿತ ಎಂದರೆ ಇದೇ. ಆದರೆ ಮಾರ್ಚಿನಲ್ಲಿ ಕೇಳಿದರೆ ತಡವಾಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ದಾನ ಕೊಟ್ಟಿದ್ದಕ್ಕೆ ದೇವಸ್ಥಾನ ಕಳಿಸುವ ಪತ್ರದ ವಿಷಯ ಹೇಳಬೇಕು. ನಾನು ಕಳೆದುಕೊಂಡದ್ದು ಅಲ್ಲೇ.

2014ರಲ್ಲಿ ಒಂದು ದೇವಸ್ಥಾನದ ಕುಂಭಾಭಿಷೇಕಕ್ಕೆ 1,001 ಡಾಲರ್ ಚೆಕ್ ಕೊಟ್ಟಿದ್ದೆವು. ಜನವರಿಯಲ್ಲಿ ಚೆಂದದ ಪತ್ರ ಬಂತು. ಹೆಸರು, ಮೊತ್ತ, ತಾರೀಖು, ದೇವರ ಆಶೀರ್ವಾದ, ಎಲ್ಲ ಇತ್ತು. ನಮ್ಮ ಟ್ಯಾಕ್ಸ್ ಮಾಡುವವರು ಓದಿ ಪತ್ರವನ್ನು ಪಕ್ಕಕ್ಕಿಟ್ಟರು. “ಒಂದು ಸಾಲು ಇಲ್ಲ ಅಮ್ಮ. ಹೊಸ ಪತ್ರ ತರಿಸಿ, ಆಮೇಲೆ ಫೈಲ್ ಮಾಡೋಣ” ಎಂದರು. ನಾನು ದೇವಸ್ಥಾನಕ್ಕೆ ಎರಡು ಸಲ ಫೋನ್ ಮಾಡಿದೆ. ಏಪ್ರಿಲ್ 10 ಆದರೂ ಪತ್ರ ಬರಲಿಲ್ಲ. ಅದನ್ನು ಬಿಟ್ಟು ಫೈಲ್ ಮಾಡಿದೆವು. ಸರಿಯಾದ ಪತ್ರ ಮೇ ತಿಂಗಳಲ್ಲಿ ಬಂತು. ಆ ಹೊತ್ತಿಗೆ ಅದು ಉಪಯೋಗಕ್ಕೆ ಬರಲಿಲ್ಲ. 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ಒಂದೊಂದು ಕೊಡುಗೆಗೂ ಸಂಸ್ಥೆಯ ಪತ್ರ ನೀವು ರಿಟರ್ನ್ ಫೈಲ್ ಮಾಡುವ ದಿನದೊಳಗೆ ನಿಮ್ಮ ಕೈಯಲ್ಲಿರಬೇಕು. ಕೊನೆಯ ದಿನಾಂಕವೇ ಮೊದಲು ಬಂದರೆ ಅದರೊಳಗೆ. ಎಕ್ಸ್‌ಟೆನ್ಷನ್ ತೆಗೆದುಕೊಂಡರೆ ಅಷ್ಟು ದಿನ ಜಾಸ್ತಿ ಸಿಗುತ್ತದೆ. ಆಗ ನನಗೆ ಇದು ಗೊತ್ತಿರಲಿಲ್ಲ.

ಆ ಸಾಲಿನ ಅರ್ಥ ಇಷ್ಟು: ಈ ಕೊಡುಗೆಗೆ ಬದಲಾಗಿ ದಾನಿಗೆ ಯಾವ ವಸ್ತುವನ್ನೂ ಸೇವೆಯನ್ನೂ ಕೊಟ್ಟಿಲ್ಲ, ಕೈಗೆ ಸಿಗದ ಧಾರ್ಮಿಕ ಫಲದ ಹೊರತು. ಏನಾದರೂ ಕೊಟ್ಟಿದ್ದರೆ ಅದರ ಬೆಲೆ ಇಷ್ಟು ಎಂದು ಬರೆದಿರಬೇಕು. ಒಂದು ಸಾಲಿಗೆ ಇಷ್ಟೊಂದಾ ಅನಿಸುತ್ತದೆ ಅಲ್ವಾ? 2012ರಲ್ಲಿ ಟ್ಯಾಕ್ಸ್ ಕೋರ್ಟಿನ ಮುಂದೆ ಒಂದು ದಂಪತಿಯ ಪ್ರಕರಣ ಬಂತು. ಅವರು ತಮ್ಮ ಚರ್ಚಿಗೆ 22 ಸಾವಿರ ಡಾಲರಿಗಿಂತ ಹೆಚ್ಚು ಕೊಟ್ಟಿದ್ದರು. ಚೆಕ್‌ಗಳೂ ಇದ್ದವು, ಚರ್ಚಿನ ಪತ್ರವೂ ಇತ್ತು. ಪತ್ರದಲ್ಲಿ ಈ ಸಾಲು ಇರಲಿಲ್ಲ. ಆಮೇಲೆ ತಂದ ಎರಡನೇ ಪತ್ರವನ್ನು ತಡವಾಯಿತೆಂದು ಕೋರ್ಟು ಒಪ್ಪಲಿಲ್ಲ. ಕಡಿತ ಸಿಗಲಿಲ್ಲ. ಕೊಟ್ಟಿದ್ದು ಸುಳ್ಳು ಎಂದು ಯಾರೂ ಹೇಳಿರಲಿಲ್ಲ.

ಹಾಗಾಗಿ ಪತ್ರ ಬಂದ ದಿನವೇ ನಿಂತಲ್ಲೇ ಓದಿ. ಸಾಲು ಇಲ್ಲದಿದ್ದರೆ ಅವತ್ತೇ ಮೇಲ್ ಮಾಡಿ. ದೇವಸ್ಥಾನದ ಲೆಕ್ಕ ನೋಡುವವರೂ ನಮ್ಮ ಹಾಗೆ ಸೇವೆಗೆ ಬಂದವರು, ಕೆಲಸ ಮುಗಿಸಿ ರಾತ್ರಿ ಕೂತು ಮಾಡುತ್ತಾರೆ. ಜನವರಿಯಲ್ಲಿ ಕೇಳಿದರೆ ಅವರಿಗೂ ಸುಲಭ.

250 ಡಾಲರಿಗಿಂತ ಕಡಿಮೆ ಕೊಟ್ಟಿದ್ದಕ್ಕೆ ಚೆಕ್ಕಿನ ಅಥವಾ ಕಾರ್ಡಿನ ಸ್ಟೇಟ್‌ಮೆಂಟ್ ಸಾಕು. ಇಲ್ಲವೇ ದೇವಸ್ಥಾನದ ರಸೀದಿ. ಆದರೆ ಏನೋ ಒಂದು ದಾಖಲೆ ಇರಲೇಬೇಕು, ಒಂದು ಡಾಲರ್ ಆದರೂ ಸರಿ. ಹುಂಡಿಗೆ ಹಾಕಿದ್ದು, ಆರತಿ ತಟ್ಟೆಗೆ ಹಾಕಿದ್ದು ದೇವರಿಗೆ ಗೊತ್ತು, ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಗೊತ್ತಿಲ್ಲ. ಲೆಕ್ಕಕ್ಕೆ ಬರಬೇಕು ಅಂದರೆ ಕೌಂಟರಿನಲ್ಲಿ ಕಾರ್ಡು ಕೊಟ್ಟು ರಸೀದಿ ತೆಗೆದುಕೊಳ್ಳಿ.

ಇನ್ನು, ಯಾರಿಗೆ ಕೊಟ್ಟರೆ ಲೆಕ್ಕಕ್ಕೆ ಬರುತ್ತದೆ? ಅಮೆರಿಕದಲ್ಲಿ ಸ್ಥಾಪನೆಯಾದ 501(ಸಿ)(3) ಸಂಸ್ಥೆಗೆ, ಅಂದರೆ ತೆರಿಗೆ ವಿನಾಯಿತಿ ಇರುವ ಧಾರ್ಮಿಕ ಅಥವಾ ದತ್ತಿ ಸಂಸ್ಥೆಗೆ. ಐಆರ್‌ಎಸ್‌ನ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಅಥವಾ ಅದರ ಇಐಎನ್ (ತೆರಿಗೆ ಗುರುತಿನ) ನಂಬರು ಹಾಕಿ ಹುಡುಕಬಹುದು. ಚರ್ಚು, ದೇವಸ್ಥಾನ, ಮಸೀದಿಗಳು ಅರ್ಜಿ ಹಾಕದೆಯೇ ವಿನಾಯಿತಿ ಪಡೆದಿರಬಹುದು. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಗಾಬರಿ ಬೇಡ, ಕಚೇರಿಯಲ್ಲಿ ಕೇಳಿ.

ಊರಿನ ದೇವಸ್ಥಾನಕ್ಕೆ ಕಳಿಸಿದ್ದು ಬರುವುದಿಲ್ಲ. ಇದನ್ನು ಹೇಳುವಾಗ ನನಗೇ ಬೇಜಾರು. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಣ್ಣನ ಕೈಲಿ 500 ಡಾಲರ್ ಕೊಟ್ಟು ಕಳಿಸಿದೆ. ಧರ್ಮಸ್ಥಳದಲ್ಲೋ ಉಡುಪಿಯಲ್ಲೋ ಕೊಟ್ಟ ಕಾಣಿಕೆಯೂ ಅಷ್ಟೇ, ಇಲ್ಲಿನ ಟ್ಯಾಕ್ಸಿಗೆ ಲೆಕ್ಕ ಇಲ್ಲ. “ಇಲ್ಲಿನ ದೇವಸ್ಥಾನಕ್ಕೆ ಚೆಕ್ ಕೊಡ್ತೀನಿ, ನೀವು ನಮ್ಮೂರಿಗೆ ಕಳಿಸಿಬಿಡಿ” ಎಂದು ಕೇಳುವವರಿದ್ದಾರೆ. ಅದೂ ನಡೆಯುವುದಿಲ್ಲ. ದುಡ್ಡನ್ನು ಹೇಗೆ ಬಳಸಬೇಕು ಎಂದು ತೀರ್ಮಾನಿಸುವ ಹಕ್ಕು ಇಲ್ಲಿನ ಸಂಸ್ಥೆಗೇ ಇರಬೇಕು. ಊರಿಗೆ ಕೊಡಿ, ಖಂಡಿತ ಕೊಡಿ. ಟ್ಯಾಕ್ಸಿನ ಆಸೆ ಇಟ್ಟುಕೊಳ್ಳಬೇಡಿ.

ಅರ್ಚಕರ ಕೈಗೆ ಕೊಟ್ಟ ದಕ್ಷಿಣೆಯೂ ಬರುವುದಿಲ್ಲ, ಏಕೆಂದರೆ ಅದು ಒಬ್ಬ ವ್ಯಕ್ತಿಗೆ ಕೊಟ್ಟಿದ್ದು. ನಾಮಕರಣಕ್ಕೆ ದೇವಸ್ಥಾನದ ಹಾಲ್ ಬಾಡಿಗೆಗೆ ತೆಗೆದುಕೊಂಡರೆ ಅದು ಬಾಡಿಗೆಯೇ, ದಾನ ಅಲ್ಲ. ಮಕ್ಕಳ ಭಾನುವಾರದ ತರಗತಿಯ ಫೀಸೂ ಹಾಗೇ. ನಿಧಿ ಸಂಗ್ರಹದ ಊಟಕ್ಕೆ 150 ಡಾಲರ್ ಟಿಕೆಟ್ ತೆಗೆದುಕೊಂಡಿರಿ, ಊಟದ ಬೆಲೆ 45 ಅಂತಿಟ್ಟುಕೊಳ್ಳಿ. ನಿಮ್ಮ ದಾನ 105. ಟಿಕೆಟ್ 75 ಡಾಲರಿಗಿಂತ ಜಾಸ್ತಿ ಇದ್ದರೆ ಊಟದ ಬೆಲೆ ಎಷ್ಟೆಂದು ದೇವಸ್ಥಾನವೇ ಬರೆದು ಕೊಡಬೇಕು.

ಈಗ ಓಡಾಟ.

ಸೇವೆಗಾಗಿ ಕಾರು ಓಡಿಸಿದರೆ ಮೈಲಿಗೆ 14 ಸೆಂಟ್. ಕಚೇರಿ ಕೆಲಸದ ಮೈಲಿಗೆ 2025ರಲ್ಲಿ 70 ಸೆಂಟ್ ಇತ್ತು. ಅದು ವರ್ಷ ವರ್ಷ ಬದಲಾಗುತ್ತದೆ. ಸೇವೆಯ 14 ಸೆಂಟ್ ಕಾನೂನಿನಲ್ಲೇ ಬರೆದಿಟ್ಟ ಅಂಕಿ. 1998ರಿಂದ ಅಷ್ಟೇ ಇದೆ. ಪೆಟ್ರೋಲ್ ಬೆಲೆ ಎಷ್ಟು ಏರಿದರೂ ಅದು ಏರಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಊಟ ಹಂಚುವವರು, ವಯಸ್ಸಾದವರನ್ನು ಕರೆದುಕೊಂಡು ಬರುವವರು ಸ್ವಂತ ದುಡ್ಡಿನಲ್ಲಿ ಓಡಾಡುತ್ತಾರೆ. ಬೇಕಿದ್ದರೆ 14 ಸೆಂಟಿನ ಬದಲು ಪೆಟ್ರೋಲ್ ಮತ್ತು ಆಯಿಲಿನ ನಿಜವಾದ ಖರ್ಚು ಹಾಕಬಹುದು. ಅದಕ್ಕೆ ಬಂಕಿನ ರಸೀದಿಗಳು ಬೇಕು, ಸೇವೆಗೆ ಎಷ್ಟು, ಮನೆಗೆ ಎಷ್ಟು ಎಂದು ಬಿಡಿಸಬೇಕು. ನಾನು 14 ಸೆಂಟನ್ನೇ ಇಟ್ಟುಕೊಂಡಿದ್ದೇನೆ. ಎರಡರಲ್ಲಿ ಯಾವುದು ಹಾಕಿದರೂ ಟೋಲು, ಪಾರ್ಕಿಂಗ್ ಬೇರೆಯಾಗಿ ಸೇರಿಸಬಹುದು. ಟೋಲು ಕಟ್ಟುವ ಇ-ಝೀ ಪಾಸಿನ ಸ್ಟೇಟ್‌ಮೆಂಟಿನಲ್ಲಿ ಶನಿವಾರಗಳಿಗೆ ಗುರುತು ಹಾಕಿದರೆ ಸಾಕು. ಕಾರಿನ ರಿಪೇರಿ, ಇನ್ಶೂರೆನ್ಸ್ ಬರುವುದಿಲ್ಲ.

2025ರಲ್ಲಿ ನಾನು 46 ಶನಿವಾರ ಹೋದೆ. 2,024 ಮೈಲಿ. 283 ಡಾಲರ್ 36 ಸೆಂಟ್. ಟೋಲು 147.

ದರ್ಶನಕ್ಕೆ ಹೋದ ಮೈಲಿ ಇದರಲ್ಲಿ ಸೇರುವುದಿಲ್ಲ. ವೈಕುಂಠ ಏಕಾದಶಿಗೆ ಹೋಗಿ ಪೂಜೆ ಮಾಡಿಸಿ ಬಂದರೆ ಅದು ನಿಮ್ಮ ಸ್ವಂತ ಓಡಾಟ. ಅದೇ ಏಕಾದಶಿಗೆ ಪಾರ್ಕಿಂಗ್ ಜಾಗದಲ್ಲಿ ಬೆಳಗಿನಿಂದ ನಿಂತು ಕಾರುಗಳಿಗೆ ದಾರಿ ತೋರಿಸಿದರೆ ಸೇವೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರೀ ‘ದೇವಸ್ಥಾನ’ ಎಂದು ಬರೆಯಬೇಡಿ. ಅಲ್ಲಿ ಏನು ಮಾಡಿದಿರಿ ಎಂದು ಬರೆಯಿರಿ. ಅವತ್ತೇ ಬರೆಯಿರಿ. ಹೋದ ಹೊತ್ತಿನಲ್ಲೇ ಬರೆದ ಲೆಕ್ಕಕ್ಕೆ ಇರುವ ನಂಬಿಕೆ ಏಪ್ರಿಲ್‌ನಲ್ಲಿ ನೆನಪಿನಿಂದ ಬರೆದ ಪಟ್ಟಿಗೆ ಇರುವುದಿಲ್ಲ.

ದೂರದ ಓಡಾಟದಲ್ಲೂ ಇದೇ ವ್ಯತ್ಯಾಸ. ಒಂದು ಬೇಸಿಗೆಯಲ್ಲಿ ದೇವಸ್ಥಾನದ ಮಕ್ಕಳ ಶಿಬಿರಕ್ಕೆ ಅಡುಗೆ ಮಾಡಲು ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಿಗೆ ಹೋಗಿದ್ದೆ. ಮೂರು ದಿನ, 60 ಮಕ್ಕಳು. ಬೆಳಗ್ಗೆ ಐದಕ್ಕೆ ಉಪ್ಪಿಟ್ಟಿನಿಂದ ಶುರು, ರಾತ್ರಿ ಹತ್ತಕ್ಕೆ ಪಾತ್ರೆ ಒಣಗಿಸುವ ತನಕ. ಆ ಮೈಲಿ, ದಾರಿಯ ಊಟ, ಒಂದು ರಾತ್ರಿಯ ಮೋಟೆಲ್, ಎಲ್ಲ ಹಾಕಿದೆ. ನಿಜವಾದ ಕೆಲಸ ಇರಬೇಕು, ಪ್ರವಾಸದ ಸಂತೋಷ ದೊಡ್ಡ ಪಾಲಾಗಿರಬಾರದು ಎಂಬುದು ನಿಯಮ. ಕೆಲಸ ಮಾಡುವುದರಲ್ಲಿ ಸಂತೋಷ ಆದರೆ ಅಡ್ಡಿಯಿಲ್ಲ. ಇನ್ನೊಂದು ವರ್ಷ ಬಸ್ ಮಾಡಿಕೊಂಡು ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದೆವು. ಅದು ಯಾತ್ರೆ. ಒಂದು ಸೆಂಟೂ ಹಾಕಲಿಲ್ಲ. ಸಮಾವೇಶಗಳಿಗೂ ಹೀಗೇ. ದೇವಸ್ಥಾನ ನಿಮ್ಮನ್ನು ಪ್ರತಿನಿಧಿಯಾಗಿ ಆರಿಸಿ ಕಳಿಸಿದರೆ ಖರ್ಚು ಬರುತ್ತದೆ, ಸುಮ್ನೆ ಸದಸ್ಯರಾಗಿ ಹೋದರೆ ಇಲ್ಲ.

ಆ ಶಿಬಿರದಲ್ಲಿ ನನ್ನ ಮಗ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಅವನ ಖರ್ಚಿಗೆಂದು ಅವನ ಖಾತೆಗೆ 200 ಡಾಲರ್ ಹಾಕಿದ್ದೆ. ಅದು ಲೆಕ್ಕಕ್ಕೆ ಬರಲಿಲ್ಲ. ಧರ್ಮಪ್ರಚಾರಕ್ಕೆ ಹೋದ ಗಂಡುಮಕ್ಕಳಿಗೆ ತಂದೆತಾಯಿ ನೇರವಾಗಿ ಕಳಿಸಿದ ದುಡ್ಡಿಗೆ ಕಡಿತ ಇಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದುಡ್ಡು ಸಂಸ್ಥೆಗೆ ಹೋಗಬೇಕು, ಇಲ್ಲವೇ ಸೇವೆ ಮಾಡಿದವರೇ ಖರ್ಚು ಮಾಡಿರಬೇಕು.

ಅಡುಗೆಗೆ ತಂದ ಸಾಮಾನಿನ ಬಗ್ಗೆ ಒಂದು ಅಭ್ಯಾಸ ಹೇಳುತ್ತೇನೆ. ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ದೇವಸ್ಥಾನದ ಸೋನಾ ಮಸೂರಿ, ತೊಗರಿಬೇಳೆ, ಎಣ್ಣೆಯನ್ನು ಮನೆ ಸಾಮಾನಿನ ಜೊತೆ ಬಿಲ್ ಮಾಡಿಸಬೇಡಿ. ಟ್ರಾಲಿಯ ನಡುವೆ ಒಂದು ಚೀಲ ಅಡ್ಡ ಇಟ್ಟು ಎರಡು ಬಿಲ್ ಮಾಡಿಸಿ. ಹಿಂದೆ ಬರುವವರು ಸ್ವಲ್ಪ ಹೊತ್ತು ಕಾಯುತ್ತಾರೆ, ಪರವಾಗಿಲ್ಲ. ಒಂದೇ ಬಿಲ್ 250 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾದರೆ ಇದಕ್ಕೂ ದೇವಸ್ಥಾನದ ಪತ್ರ ಬೇಕು. ಅದರಲ್ಲಿ ನೀವು ಮಾಡಿದ ಸೇವೆ ಏನೆಂದು ಬರೆದಿರಬೇಕು. ದೇವಸ್ಥಾನ ವಾಪಸ್ ಕೊಟ್ಟ ದುಡ್ಡನ್ನು ಕಳೆದು ಉಳಿದಿದ್ದನ್ನು ಮಾತ್ರ ಹಾಕಿ. ದೇವಸ್ಥಾನದ ಹೆಸರು ಮುದ್ರಿಸಿದ ಏಪ್ರನ್ ಬರುತ್ತದೆ. ಸೇವೆಗೆಂದೇ ಕೊಂಡ ಕಾಟನ್ ಸೀರೆ ಬರುವುದಿಲ್ಲ, ಬೇರೆ ಕಡೆಯೂ ಉಡಬಹುದಲ್ಲ. ನಿಮ್ಮ ಸಮಯಕ್ಕೆ ಬೆಲೆ ಕಟ್ಟುವ ಹಾಗಿಲ್ಲ. ಮಗುವನ್ನು ನೋಡಿಕೊಳ್ಳಲು ಇಟ್ಟವರಿಗೆ ಕೊಟ್ಟಿದ್ದೂ ಇಲ್ಲ.

ಇಷ್ಟೆಲ್ಲ ಬರೆದಿಟ್ಟರೆ ದುಡ್ಡು ಉಳಿಯುತ್ತದಾ? ನಮ್ಮ ಮನೆಯ ಲೆಕ್ಕವನ್ನೇ ಇಡುತ್ತೇನೆ.

ಬಹುತೇಕ ಎಲ್ಲರಿಗೂ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, ಅಂದರೆ ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ನಿಗದಿತ ಕಡಿತ. ಗಂಡ ಹೆಂಡತಿ ಸೇರಿ ಫೈಲ್ ಮಾಡಿದರೆ 2025ಕ್ಕೆ 31,500 ಡಾಲರ್. ಕಡಿತಕ್ಕೆ ಬರುವ ನಿಮ್ಮ ಖರ್ಚುಗಳು ಒಟ್ಟು ಇದನ್ನು ದಾಟಿದರೆ ಮಾತ್ರ ಐಟಮೈಸ್ ಮಾಡುವುದರಲ್ಲಿ, ಅಂದರೆ ಶೆಡ್ಯೂಲ್ ಎ ಎಂಬ ಫಾರ್ಮಿನಲ್ಲಿ ಒಂದೊಂದು ಖರ್ಚನ್ನೂ ಪಟ್ಟಿ ಮಾಡುವುದರಲ್ಲಿ ಲಾಭ. ಮೈಲಿ, ಟೋಲು ಎಲ್ಲ ಹೋಗುವುದು ಅಲ್ಲಿಗೇ. 2018ರಿಂದ 2024ರ ತನಕ ಮನೆ ತೆರಿಗೆ, ರಾಜ್ಯದ ತೆರಿಗೆ ಸೇರಿ 10,000ಕ್ಕಿಂತ ಜಾಸ್ತಿ ಹಾಕುವಂತಿರಲಿಲ್ಲ. ನ್ಯೂಜೆರ್ಸಿಯಲ್ಲಿ ಮನೆ ಇರುವವರಿಗೆ ಅದು ಎಲ್ಲಿ ಸಾಕಾಗುತ್ತದೆ? ಏಳು ವರ್ಷ ನನ್ನ ನೋಟ್‌ಬುಕ್ ಸುಮ್ಮನೆ ಇತ್ತು. 2025ಕ್ಕೆ ಆ ಮಿತಿ 40,000 ಆಯಿತು. ಮನೆ ಸಾಲದ ಬಡ್ಡಿ 9,800, ಎರಡು ತೆರಿಗೆ ಸೇರಿ 20,300, ಒಟ್ಟು 30,100. ಅದರ ಮೇಲೆ ಚೆಕ್‌ಗಳು 3,200, ಮೈಲಿ 283, ಟೋಲು 147, ಸಾಮಾನು 270. ಎಲ್ಲ ಸೇರಿ 34,000. ಸ್ಟ್ಯಾಂಡರ್ಡ್‌ಗಿಂತ 2,500 ಜಾಸ್ತಿ. ನಾವು ಶೇಕಡಾ 22ರ ದರದಲ್ಲಿದ್ದೇವೆ, ಹಾಗಾಗಿ 550 ಡಾಲರ್ ಉಳಿಯಿತು. ರಾಜ್ಯದ ರಿಟರ್ನಿನಲ್ಲಿ ಏನೂ ಉಳಿಯಲಿಲ್ಲ, ನ್ಯೂಜೆರ್ಸಿ ಇಂಥ ದಾನಕ್ಕೆ ಕಡಿತ ಕೊಡುವುದಿಲ್ಲ.

2026ರಿಂದ ಲೆಕ್ಕ ಬೇರೆ. ಐಟಮೈಸ್ ಮಾಡುವವರ ದಾನದಲ್ಲಿ ಆದಾಯದ ಶೇಕಡಾ 0.5ರಷ್ಟು ಮೊದಲು ಬಿಟ್ಟುಹೋಗುತ್ತದೆ. ನಮ್ಮ ಆದಾಯ 1,80,000. ಅಂದರೆ ಮೊದಲ 900 ಡಾಲರ್ ಲೆಕ್ಕಕ್ಕಿಲ್ಲ. ಇನ್ನೊಂದು ಕಡೆ, ಸ್ಟ್ಯಾಂಡರ್ಡ್ ತೆಗೆದುಕೊಳ್ಳುವವರಿಗೆ ಹೊಸದಾಗಿ ಒಂದು ಅನುಕೂಲ ಬಂದಿದೆ. ಚೆಕ್, ಕಾರ್ಡು, ನಗದಿನಲ್ಲಿ ಕೊಟ್ಟ ದಾನಕ್ಕೆ ದಂಪತಿಗೆ 2,000, ಒಬ್ಬರಿಗೆ 1,000 ಡಾಲರ್ ತನಕ ಪ್ರತ್ಯೇಕ ಕಡಿತ. ಬಟ್ಟೆ, ಪಾತ್ರೆ ಕೊಟ್ಟಿದ್ದು ಇದಕ್ಕೆ ಆಗುವುದಿಲ್ಲ. 2026ರಲ್ಲೂ ಅಷ್ಟೇ ಖರ್ಚು ಎಂದು ಹಿಡಿದು ಊಟದ ಮೇಜಿನ ಮೇಲೆ ಬರೆದು ನೋಡಿದೆ. ಐಟಮೈಸ್ ಮಾಡಿದರೆ 33,100. ಸ್ಟ್ಯಾಂಡರ್ಡ್ 32,200, ಅದರ ಮೇಲೆ 2,000, ಒಟ್ಟು 34,200. ನಮ್ಮನೆಯವರು ನೋಡಿ, “ಹಾಗಾದರೆ ಈ ವರ್ಷ ನೋಟ್‌ಬುಕ್ ಬೇಡ ಬಿಡು” ಎಂದರು. ನಾನು ಬಿಟ್ಟಿಲ್ಲ. ದೇವಸ್ಥಾನದ ಗೋಪುರಕ್ಕೆ ದೊಡ್ಡ ಮೊತ್ತ ಕೊಡಬೇಕೆಂದು ನಾವಿಬ್ಬರೂ ಅಂದುಕೊಂಡಿದ್ದೇವೆ. ಎರಡು ವರ್ಷದ ದಾನ ಒಂದೇ ವರ್ಷ ಸೇರಿದರೆ ಮತ್ತೆ ಶೆಡ್ಯೂಲ್ ಎ ಗೆಲ್ಲುತ್ತದೆ, ಆಗ ಆ ವರ್ಷದ ಪ್ರತಿ ಮೈಲಿಯೂ ಬೇಕು. ಅದು ಯಾವ ವರ್ಷ ಎಂದು ಜನವರಿಯಲ್ಲೇ ಹೇಗೆ ಹೇಳುವುದು?

ಡಿಸೆಂಬರಿನಲ್ಲಿ ಕೊಡುವವರಿಗೆ ಒಂದು ಮಾತು. 31ರೊಳಗೆ ಅಂಚೆಗೆ ಹಾಕಿದ ಚೆಕ್ ಆ ವರ್ಷಕ್ಕೇ ಸೇರುತ್ತದೆ. ಕ್ರೆಡಿಟ್ ಕಾರ್ಡ್ ಉಜ್ಜಿದ ದಿನವೇ ಲೆಕ್ಕ, ಬಿಲ್ ಕಟ್ಟುವುದು ಫೆಬ್ರವರಿಯಾದರೂ ಸರಿ. ಕೊಡುತ್ತೇನೆಂದು ಮಾತು ಕೊಟ್ಟು ಬರೆಸಿದ ಮೊತ್ತ ಮಾತ್ರ ಕೊಟ್ಟ ಮೇಲೆಯೇ.

ಸಂಕ್ರಾಂತಿ ಕಳೆದ ಮೊದಲ ಶನಿವಾರ, ಎಳ್ಳುಬೆಲ್ಲದ ಡಬ್ಬಿ ಹಿಡಿದು ದೇವಸ್ಥಾನದ ಕಚೇರಿಗೆ ಹೋಗುತ್ತೇನೆ. ನಮ್ಮ ಪತ್ರವನ್ನು ಅಲ್ಲೇ ಓದುತ್ತೇನೆ. ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಹಳೆಯ ನೋಟ್‌ಬುಕ್ಕಿನ ಹಾಳೆಗಳ ಫೋಟೊ ತೆಗೆದು, ಎರಡನ್ನೂ ಒಂದೇ ಕವರಿನಲ್ಲಿ ಇಡುತ್ತೇನೆ. ಆಮೇಲೆ ಅಡುಗೆಮನೆಗೆ ಹೋಗಿ ಏಪ್ರನ್ ಕಟ್ಟಿಕೊಳ್ಳುತ್ತೇನೆ.