ಮಂಗಳೂರಿನಿಂದ ಕಾರವಾರಕ್ಕೆ: ಕಡಲು ಎಡಕ್ಕಿರಲಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕರಾವಳಿ ನೋಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮಂಗಳೂರಿನಲ್ಲಿ ಶುರು ಮಾಡಿ, ಕಾರವಾರದಲ್ಲಿ ಮುಗಿಸಿ. ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಬದಿಯಲ್ಲಿ, ಉತ್ತರಕ್ಕೆ ಹೊರಟರೆ ಕಡಲೂ ಎಡಕ್ಕೇ ಇರುತ್ತದೆ. ಬೀಚಿನ ಕ್ರಾಸ್ ಬಂದಾಗ ಹಾಗೇ ಎಡಕ್ಕೆ ಇಳಿದರಾಯಿತು. ಕಾರವಾರದಿಂದ ಇಳಿದು ಬಂದರೆ ಪ್ರತಿ ಬೀಚಿಗೂ ಡಿವೈಡರಿನ ತೆರಪು ಹುಡುಕಬೇಕು, ಎದುರಿನಿಂದ ನೂರರ ವೇಗದಲ್ಲಿ ಬರುವ ಬಸ್ಸು, ಲಾರಿಗಳ ನಡುವೆ ಅಡ್ಡ ದಾಟಬೇಕು. ನಾಲ್ಕು ಪಥದ ಈ ರಸ್ತೆಯಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಈ ತೆರಪುಗಳದ್ದೇ. ಮಧ್ಯಾಹ್ನದ ನಂತರದ ಬಿಸಿಲು ಪಶ್ಚಿಮದಿಂದ ಬೀಳುವುದರಿಂದ ಬಲಗಡೆ ಕೂತ ಚಾಲಕನ ಕಣ್ಣಿಗೆ ನೇರ ಹೊಡೆಯುವುದೂ ಇಲ್ಲ.

ದೂರ ಸುಮಾರು 270 ಕಿ.ಮೀ. ನಕ್ಷೆ ಐದೂವರೆ, ಆರು ಗಂಟೆ ತೋರಿಸುತ್ತದೆ. ಅದನ್ನು ನಂಬಿ ಒಂದೇ ದಿನದಲ್ಲಿ ಮುಗಿಸಲು ಹೊರಟರೆ ಕಡಲು ಕಾಣುವುದು ಕಿಟಕಿಯಲ್ಲಿ ಮಾತ್ರ. ಊರೂರಿನ ಜಂಕ್ಷನ್, ಸರ್ವಿಸ್ ರಸ್ತೆ, ಕೆಲಸ ಮುಗಿಯದ ತುಂಡುಗಳೆಲ್ಲ ಸೇರಿ ನಾನು ಗಂಟೆಗೆ 40 ಕಿ.ಮೀ. ಲೆಕ್ಕ ಹಿಡಿಯುತ್ತೇನೆ, ದಿನಕ್ಕೆ 130 ಕಿ.ಮೀ. ದಾಟುವುದಿಲ್ಲ. ಒಂದು ರಾತ್ರಿ ಉಡುಪಿ ಅಥವಾ ಮಲ್ಪೆ, ಒಂದು ರಾತ್ರಿ ಮುರುಡೇಶ್ವರ ಅಥವಾ ಹೊನ್ನಾವರ, ಒಂದು ರಾತ್ರಿ ಗೋಕರ್ಣ. ದಾರಿಯಲ್ಲಿ ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿಯಲ್ಲಿ ಟೋಲ್ ಇವೆ, ಫಾಸ್ಟ್ಯಾಗ್‌ನಲ್ಲಿ ಹಣ ತುಂಬಿಸಿಕೊಂಡೇ ಹೊರಡಿ. ಶಿರೂರು ಎರಡಿವೆ ಎಂಬುದು ನೆನಪಿರಲಿ: ಟೋಲ್ ಇರುವುದು ಬೈಂದೂರಿನ ಬಳಿಯ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ. ಮಳೆಗಾಲದಲ್ಲಿ ‘ಶಿರೂರಿನಲ್ಲಿ ರಸ್ತೆ ಬಂದ್’ ಎಂಬ ಸಂದೇಶ ಬಂದರೆ ಮೊದಲು ಯಾವ ಶಿರೂರು ಎಂದು ಕೇಳಿ.

ಬೆಳಿಗ್ಗೆ ಆರೂವರೆಗೆ ಹೊರಡುವುದು ಒಳ್ಳೆಯದು. ಹನ್ನೊಂದರೊಳಗೆ ಹೊಳೆ, ಅಳಿವೆ (ಹೊಳೆ ಕಡಲು ಸೇರುವ ಜಾಗ), ದ್ವೀಪ ಮುಗಿಸಬೇಕು. ಬಿಸಿಲು ಏರಿದ ಮೇಲೆ ಊಟ ಮತ್ತು ಡ್ರೈವಿಂಗ್, ನಾಲ್ಕರ ನಂತರ ಬೀಚು. ಮಧ್ಯಾಹ್ನ ಹನ್ನೆರಡಕ್ಕೆ ಮಕ್ಕಳನ್ನು ಮರಳಿಗೆ ಇಳಿಸಿದರೆ ಕಾಲು ಸುಡುತ್ತದೆ, ಸಂಜೆಯ ಹೊತ್ತಿಗೆ ಅವರಿಗೆ ತಲೆನೋವು ಬಂದು ಮರುದಿನವೇ ಹಾಳಾಗುತ್ತದೆ. ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಬಾಯಾರಿಕೆಗೆ ಕಾಯದೆ ಗಂಟೆಗೊಮ್ಮೆ ಎಳನೀರೋ ಉಪ್ಪು ಹಾಕಿದ ಮಜ್ಜಿಗೆಯೋ ಹೊಟ್ಟೆಗೆ ಹೋಗಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ಮೊದಲ ದೋಣಿಯೇ ಲೇಸು. ಕಂಬ ಕಂಬವಾಗಿ ನಿಂತ ಅಲ್ಲಿನ ಲಾವಾ ಬಂಡೆಗಳ ನಡುವೆ ನೆರಳು ಕಡಿಮೆ. ಮಳೆಗಾಲದಲ್ಲಿ ದೋಣಿ ಇಲ್ಲ. ಕಾಪುವಿನ 1901ರ ದೀಪಸ್ತಂಭವನ್ನು ಹತ್ತಲು ಬಿಡುವುದು ಸಂಜೆಯ ಸ್ವಲ್ಪ ಹೊತ್ತು ಮಾತ್ರ, ಹಾಗಾಗಿ ಮೊದಲ ದಿನದ ಕೊನೆಗೆ ಅದನ್ನು ಇಡಿ.

ಕುಂದಾಪುರ ದಾಟಿ ತ್ರಾಸಿ ಕಳೆದ ಕೂಡಲೇ ಮರವಂತೆ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿಯಷ್ಟೇ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಕಡಲು ಕಂಡ ತಕ್ಷಣ ಬ್ರೇಕ್ ಒತ್ತುವುದು. ಹಿಂದಿನ ಲಾರಿಯವನಿಗೆ ಇದು ದಿನಾ ನೋಡುವ ರಸ್ತೆ, ನೀವು ನಿಲ್ಲುತ್ತೀರೆಂದು ಅವನು ಎಣಿಸಿರುವುದಿಲ್ಲ. ಅರ್ಧ ಕಿ.ಮೀ. ಮೊದಲೇ ಎಡ ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಬಿಳಿ ಗೆರೆಯಾಚೆ ನಾಲ್ಕೂ ಚಕ್ರ ಹೋದ ಮೇಲೆಯೇ ನಿಲ್ಲಿಸಿ. ಬಾಗಿಲು ತೆಗೆಯುವುದು ಎಡಗಡೆಯಿಂದ. ನೀರಿಗೆ ಇಳಿಯುವ ಜಾಗ ಇದಲ್ಲ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಅಲೆ ಎಳೆದರೆ ಹಿಡಿದುಕೊಳ್ಳಲು ಏನೂ ಸಿಗದು.

ನೀರಾಡಬೇಕಾದರೆ ನನ್ನ ಆಯ್ಕೆ ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡು. ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಎರಡಕ್ಕೂ 2020ರಲ್ಲಿ ಸಿಕ್ಕಿತು. ಈಜಲು ಗುರುತು ಹಾಕಿದ ಜಾಗ, ಕಾವಲಿಗೆ ಲೈಫ್‌ಗಾರ್ಡ್, ಸ್ನಾನಕ್ಕೆ ಸಿಹಿನೀರು ಇವೆ, ಅದಕ್ಕಾಗಿ ಕೊಡುವ ಪ್ರವೇಶ ಶುಲ್ಕ ಏನೇನೂ ಅಲ್ಲ. ಉಳಿದ ಕಡೆ ನೀರಿಗಿಳಿಯುವ ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ಎರಡೂ ಬದಿ ಅಲೆ ಬಿಳಿ ನೊರೆಯಾಗಿ ಒಡೆಯುತ್ತಿದ್ದು, ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಒಡೆಯದೆ ನೀರು ಕಲಕಿ ಸಮತಟ್ಟಾಗಿ ಕಾಣುತ್ತಿದ್ದರೆ, ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಓಡುವುದು ಅಲ್ಲಿಂದಲೇ. ಹೊಸಬರು ಶಾಂತ ಜಾಗ ಎಂದು ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ಕಡಿಮೆಯಾದ ಮೇಲೆ ಅಲೆಯ ಜೊತೆ ಬನ್ನಿ. ಅಳಿವೆಯ ಬಾಯಲ್ಲಿ ಇಳಿತದ ಹೊತ್ತಿಗೆ ಹೊಳೆಯೂ ಕಡಲೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ, ಇಳಿತಗಳ ಅಂತರ ಹೆಚ್ಚು, ಎಳೆತವೂ ಹೆಚ್ಚು. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಆದ್ದರಿಂದ ನಿನ್ನೆಯ ಸುರಕ್ಷಿತ ಹೊತ್ತು ಇವತ್ತಿಗೆ ಆಗುವುದಿಲ್ಲ.

ಕಾರನ್ನು ಮರಳಿಗೆ ಇಳಿಸಲೇಬೇಡಿ. ಡಿಸೆಂಬರಿನಿಂದ ಮಾರ್ಚ್ ತನಕ ಕುಂದಾಪುರ, ಹೊನ್ನಾವರದ ದಡಗಳಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ, ಚಕ್ರ ಹರಿದರೆ ಮರಳೊಳಗಿನ ಗೂಡಿಗೆ ಉಳಿಗಾಲವಿಲ್ಲ. ಪಾರ್ಕಿಂಗ್ ಅಂಚಿನ ಸಡಿಲ ಮರಳಿನಲ್ಲೂ ಚಕ್ರ ಹೂತುಹೋಗುವುದುಂಟು. ಆಗ ಎಕ್ಸಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಎಲ್ಲರೂ ಇಳಿದು, ಚಕ್ರದ ಹಿಂದಿನ ಮರಳನ್ನು ಕೈಯಲ್ಲೇ ಇಳಿಜಾರಾಗಿ ತೆಗೆಯಿರಿ. ಇಂಜಿನ್ ಶಕ್ತಿ ಸಿಗುವ ಎರಡು ಚಕ್ರಗಳ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ. ಟಯರ್ ಅಗಲವಾಗಿ ಹರಡಿಕೊಂಡು ಹಿಡಿತ ಸಿಗುತ್ತದೆ. ಕಾಲ್ಚಾಪೆಯನ್ನು ಚಕ್ರದ ಹಿಂದೆ ತುರುಕಿ, ಬಂದ ಜಾಡಿನಲ್ಲೇ ರಿವರ್ಸ್ ಗೇರಿನಲ್ಲಿ ನಿಧಾನಕ್ಕೆ ತನ್ನಿ. ಗಾಳಿ ತುಂಬಿಸದೆ ಹೆದ್ದಾರಿಗೆ ಹತ್ತಬೇಡಿ, ಟಯರ್ ಬಿಸಿಯಾಗಿ ಬದಿ ಒಡೆಯುತ್ತದೆ. 12 ವೋಲ್ಟಿನ ಚಿಕ್ಕ ಪಂಪು ಡಿಕ್ಕಿಯಲ್ಲಿ ಇದ್ದೇ ಇರಬೇಕು.

ಸಂಜೆಯ ಕಡಲಗಾಳಿಗೆ ಗಾಜಿನ ಮೇಲೆ ಉಪ್ಪಿನ ತೆಳು ಪೊರೆ ಕೂರುತ್ತದೆ. ಒಣ ಗಾಜಿನ ಮೇಲೆ ವೈಪರ್ ಹಾಕಿದರೆ ಅದು ಹರಡಿ, ಎದುರಿನ ಹೆಡ್‌ಲೈಟಿಗೆ ಇಡೀ ಗಾಜು ಬೆಳ್ಳಗಾಗುತ್ತದೆ. ಹೊರಡುವ ಮೊದಲು ಒಂದು ಬಾಟಲಿ ಸಿಹಿನೀರು ಸುರಿದು ಒರೆಸಿ. ಬೈಕಿನವರು ಮೀನಿನ ಲಾರಿಯ ಹಿಂದೆ ಹೋಗಬೇಡಿ. ಐಸು ಕರಗಿ ಸುರಿಯುವ ನೀರಿನಲ್ಲಿ ಭೂತಾಯಿ, ಬಂಗುಡೆಯ ಎಣ್ಣೆ ಇರುತ್ತದೆ, ತಿರುವಿನಲ್ಲಿ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ.

ಊಟಕ್ಕೆ ಹೆದ್ದಾರಿಯ ದೊಡ್ಡ ಬೋರ್ಡುಗಳಿಗಿಂತ ಊರೊಳಗಿನ ಮೀನೂಟದ ಹೋಟೆಲು ಮೇಲು, ಮಧ್ಯಾಹ್ನ ಒಂದರೊಳಗೆ ಕೂರಬೇಕು. ಕುಚ್ಚಲಕ್ಕಿ ಅನ್ನ, ಸಾರು ಎಷ್ಟು ಬೇಕಾದರೂ ಬಡಿಸುತ್ತಾರೆ, ಫ್ರೈ ಬೇರೆ ಲೆಕ್ಕ. ಅಂಜಲ್, ಪಾಂಫ್ರೆಟ್‌ಗೆ ದರ ಗಾತ್ರದ ಮೇಲೆ ಇರುವುದರಿಂದ ಮೀನು ನೋಡಿ, ದರ ಕೇಳಿ, ಆಮೇಲೆ ಹೇಳಿ. ಕಾಣೆ ಮೀನಿಗೆ ರವಾ ಫ್ರೈ ಹೊಂದುತ್ತದೆ, ಬಂಗುಡೆಗೆ ತವಾ ಮಸಾಲೆಯೇ ಸರಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಸಿಗುವುದು ನಾಡದೋಣಿಯ ಸ್ವಲ್ಪ ಮೀನು, ಹೊಳೆ ಮೀನು, ಇಲ್ಲವೇ ಹೊರಗಿನಿಂದ ಐಸಿನಲ್ಲಿ ಬಂದದ್ದು. ಮೀನಿಗಾಗಿಯೇ ಬರುವವರು ಅಕ್ಟೋಬರಿನ ನಂತರ ಬನ್ನಿ.

ಕುಮಟಾ ದಾಟಿ ಮಿರ್ಜಾನ್ ಕೋಟೆಗೆ ಬೆಳಗಿನ ಒಂದು ಗಂಟೆ ಸಾಕು. ಗೋಕರ್ಣಕ್ಕೆ ಮಾದನಗೇರಿ ಕ್ರಾಸಿನಲ್ಲಿ ಎಡಕ್ಕೆ, ಅಲ್ಲಿಂದ ಸುಮಾರು 10 ಕಿ.ಮೀ. ರಜಾದಿನಗಳಲ್ಲಿ ರಥಬೀದಿಯ ಸುತ್ತ ಕಾರು ಹೊರಳಲೂ ಜಾಗ ಇರುವುದಿಲ್ಲ, ಊರ ಹೊರಗೆ ನಿಲ್ಲಿಸಿ ನಡೆಯಿರಿ. ಕಾರವಾರಕ್ಕೆ ಮೊದಲು ಅರ್ಗಾ ಬಳಿ ಹೆದ್ದಾರಿಗೆ ಒತ್ತಿಕೊಂಡೇ ನೌಕಾನೆಲೆ ಇದೆ, ಅಲ್ಲಿ ಕ್ಯಾಮರಾ, ಡ್ರೋನ್ ಹೊರತೆಗೆಯಬೇಡಿ.

ಜೂನಿನಿಂದ ಸೆಪ್ಟೆಂಬರ್ ತನಕ ಈ ರಸ್ತೆಯಲ್ಲಿ ನನ್ನದು ಬೇರೆಯೇ ನಿಯಮ. ರೆಡ್ ಅಲರ್ಟ್ ಇದ್ದರೆ ಹೊರಡುವುದಿಲ್ಲ. ಹೊನ್ನಾವರದಿಂದ ಕಾರವಾರದವರೆಗೆ ಗುಡ್ಡವನ್ನು ನೆಟ್ಟಗೆ ಕಡಿದ ಕಡೆಗಳಲ್ಲಿ ಚಹಾಕ್ಕೂ ನಿಲ್ಲಿಸುವುದಿಲ್ಲ. ಕಲ್ಲಿನ ಅಡಿಯ ಜೇಡಿ ಮಣ್ಣು ನೀರು ಕುಡಿದು ಜಾರುವಾಗ ಮುನ್ಸೂಚನೆ ಸಿಗುವುದು ಕಡಿಮೆ. ರಸ್ತೆಗೆ ಕೆಂಪು ನೀರು, ಸಣ್ಣ ಕಲ್ಲು ಬರತೊಡಗಿದರೆ ಅಲ್ಲೇ ತಿರುಗಿ ಹಿಂದಿನ ಊರಿಗೆ ಬರುವುದೇ ಸರಿ.

ವಾಪಸ್ ಹುಬ್ಬಳ್ಳಿ ಕಡೆಗಾದರೆ ಅಂಕೋಲಾದಿಂದ ಅರಬೈಲ್ ಘಾಟಿ, ಸಾಗರ, ಶಿವಮೊಗ್ಗದ ಕಡೆಗಾದರೆ ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ. ಎರಡನ್ನೂ ಹಗಲಲ್ಲೇ ಹತ್ತಿ. ಘಾಟಿ ಇಳಿಯುವಾಗ ಏರುವ ಗಾಡಿಗೆ ದಾರಿ ಬಿಡಿ. ಮನೆ ಸೇರಿದ ಎರಡು ದಿನದೊಳಗೆ ಕಾರಿನ ತಳಭಾಗ, ಚಕ್ರದ ಒಳಗೂಡು, ಬ್ರೇಕಿನ ಸುತ್ತ ಸಿಹಿನೀರಿನ ಜೋರು ಪೈಪಿನಲ್ಲಿ ತೊಳೆಸಿ. ಮೇಲಿನ ಬಣ್ಣವನ್ನಷ್ಟೇ ಉಜ್ಜಿ ಬಿಟ್ಟರೆ ಬಾಗಿಲಿನ ಅಡಿ ಮತ್ತು ಸೈಲೆನ್ಸರಿನ ಬೆಸುಗೆಯಲ್ಲಿ ತುಕ್ಕು ಶುರುವಾಗುತ್ತದೆ.