ಮಡೇರಾದ ಸಂಜೆ ತರಗತಿಯಲ್ಲಿ ಆರೋಗ್ಯದ ಪಾಠ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ, ಫ್ರೆಸ್ನೊ ನಗರದ ವಾಯುವ್ಯಕ್ಕಿರುವ ಮಡೇರಾ ಪಟ್ಟಣದ ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಆರೋಗ್ಯ ಶಿಕ್ಷಕಿಯಾಗಿದ್ದೇನೆ. ದ್ರಾಕ್ಷಿ, ಬಾದಾಮಿ, ಪಿಸ್ತಾ ತೋಟಗಳಲ್ಲಿ ದುಡಿಯುವ ಮೆಕ್ಸಿಕೊ ಮೂಲದ ಕುಟುಂಬಗಳೇ ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತವೆ. ಆದಾಯಕ್ಕೆ ತಕ್ಕಂತೆ ಶುಲ್ಕ ಇಳಿಸಬೇಕು, ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಬಾರದು ಎಂಬುದು ಇಂಥ ಕೇಂದ್ರಗಳಿಗೆ ಕಾನೂನು ವಿಧಿಸಿರುವ ನಿಯಮ. ಆದರೂ ಸಕ್ಕರೆ ಕಾಯಿಲೆ ಕಣ್ಣಿಗೋ ಪಾದಕ್ಕೋ ಇಳಿದ ಮೇಲೆಯೇ ಬಾಗಿಲಿಗೆ ಬರುವವರು ಬಹಳ. ಅಮೆರಿಕದ ವಯಸ್ಕರಿಗೆ ಜೀವಮಾನದಲ್ಲಿ ಟೈಪ್ 2 ಮಧುಮೇಹ ಬರುವ ಸಂಭವ ಶೇ. 40ರಷ್ಟಿದ್ದರೆ ಲ್ಯಾಟಿನೊ ವಯಸ್ಕರಲ್ಲಿ ಅದು ಶೇ. 50ನ್ನು ಮೀರುತ್ತದೆ ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ.

ಜನ ಹೀಗೆ ತಡವಾಗಿ ಬರುವುದಕ್ಕೆ ಅರಿವಿನ ಕೊರತೆಯೇ ಕಾರಣವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ನಸುಕಿನಲ್ಲೇ ತೋಟಕ್ಕೆ ಹೊರಡುವ, ಒಂದು ದಿನ ತಪ್ಪಿದರೆ ಅಂದಿನ ಕೂಲಿಯನ್ನೇ ಕಳೆದುಕೊಳ್ಳುವ ಜನರಿಗೆ ನಾವು ಹಗಲಿನ ಹೊತ್ತನ್ನೇ ಗೊತ್ತುಮಾಡಿಕೊಟ್ಟರೆ ಅವರು ಬರುವುದಾದರೂ ಹೇಗೆ? ಅವರು ತಾವಾಗಿಯೇ ಬರುತ್ತಿದ್ದ ಜಾಗವೊಂದಿತ್ತು: ವಯಸ್ಕರಿಗಾಗಿ ನಡೆಯುತ್ತಿದ್ದ ಸಂಜೆಯ ಇಂಗ್ಲಿಷ್ ತರಗತಿ. ಅಲ್ಲಿನ ಶಿಕ್ಷಕರ ಒಪ್ಪಿಗೆ ಪಡೆದು ಅದೇ ಕೋಣೆಗೆ ನಾವು ಹೋದೆವು.

ಆಹಾರದ ಪೊಟ್ಟಣಗಳ ಮೇಲಿನ ಚೀಟಿಯೇ ನಮ್ಮ ಪಠ್ಯವಾಯಿತು. 355 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ. ನಾಲ್ಕು ಗ್ರಾಂಗೆ ಒಂದು ಚಮಚ ಎಂದು ಲೆಕ್ಕ ಹಾಕಿದರೆ ಹತ್ತಿರಹತ್ತಿರ ಹತ್ತು ಚಮಚ. ಈ ಲೆಕ್ಕವನ್ನು ನಾನು ಹೇಳಲಿಲ್ಲ. ತರಗತಿಯವರೇ ಓದಿ, ಭಾಗಿಸಿ, ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಟೋರ್ಟಿಯಾ ಎಂಬ ತೆಳು ರೊಟ್ಟಿಯನ್ನು ಬಿಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಮೆಕ್ಕೆಜೋಳದ ಟೋರ್ಟಿಯಾ, ಬೇಯಿಸಿದ ಬೀನ್ಸ್, ಪಾಪಾಸುಕಳ್ಳಿಯ ಎಳೆಯ ಎಲೆಯ ಪಲ್ಯ ಅವರ ಅಜ್ಜಿಯರ ಕಾಲದ ಊಟ, ಒಳ್ಳೆಯ ಊಟ. ಮೊದಲು ಇಳಿಯಬೇಕಾದದ್ದು ಡಬ್ಬಿಯ ಪಾನೀಯ. ಬೇಸಿಗೆ ಬಂದರೆ ಪಾಠ ಬಿಸಿಲಿನ ಕಡೆಗೆ ತಿರುಗುತ್ತದೆ: ತಾಪ 80 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 27 ಡಿಗ್ರಿ ಸೆಲ್ಸಿಯಸ್) ದಾಟಿದರೆ ಮಾಲೀಕರು ನೆರಳು ಒದಗಿಸಬೇಕು, ಒಬ್ಬೊಬ್ಬರಿಗೂ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುವ ನೀರು ಸಿಗುವಂತಿರಬೇಕು ಎಂಬ ರಾಜ್ಯದ ನಿಯಮ ಅವರಿಗೆ ಬಾಯಿಪಾಠವಾಗಿರಬೇಕು.

ಇದನ್ನೆಲ್ಲ ಮನೆಮನೆಗೆ ಒಯ್ಯುವವರು ಪ್ರೊಮೊತೋರಾಗಳು, ಅಂದರೆ ಅದೇ ಬೀದಿಗಳಲ್ಲಿ ವಾಸಿಸುವ, ತರಬೇತಿ ಪಡೆದ ಮಹಿಳೆಯರು. ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಯರ ಕೆಲಸವನ್ನೂ ಅವರ ಸಂಬಳದ ಹೋರಾಟವನ್ನೂ ಕಂಡಿದ್ದ ನಾನು, ಇವರಿಗೆ ಗಂಟೆಯ ಲೆಕ್ಕದಲ್ಲಿ ಸರಿಯಾದ ವೇತನ ಸಿಗಲೇಬೇಕೆಂದು ಪಟ್ಟು ಹಿಡಿದೆ. 2022ರ ಜುಲೈನಿಂದ ರಾಜ್ಯದ ಆರೋಗ್ಯ ವಿಮೆಯಾದ ಮೆಡಿ-ಕ್ಯಾಲ್ ಈ ಸೇವೆಗೂ ಹಣ ಕೊಡುತ್ತಿರುವುದು ದೊಡ್ಡ ಆಸರೆಯಾಗಿದೆ. ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಬಂದ ಮಿಷ್ಟೆಕ್ ಎಂಬ ಮೂಲನಿವಾಸಿ ಕುಟುಂಬಗಳಿಗೆ ಸ್ಪ್ಯಾನಿಷ್ ಕೂಡ ಕಲಿತ ಭಾಷೆಯೇ ಆದ್ದರಿಂದ ಅವರ ನುಡಿಯಾಡುವ ಪ್ರೊಮೊತೋರಾ ಬೇಕಾಯಿತು. ಕರಪತ್ರಗಳ ಜಾಗದಲ್ಲಿ ಚಿತ್ರಗಳು, ಧ್ವನಿಮುದ್ರಣಗಳು ಬಂದವು.

ಆ ಮನೆಗಳ ಮಕ್ಕಳ ಬಗ್ಗೆ ನನಗೆ ಹೆಚ್ಚಿನ ಕಾಳಜಿ ಇದೆ. ಚಿಕಿತ್ಸೆಯ ಜಾಗದಲ್ಲಿ ತುರ್ತು ಸಂದರ್ಭದ ಹೊರತು ಮಕ್ಕಳನ್ನು ದುಭಾಷಿಗಳಾಗಿ ಬಳಸಬಾರದೆಂದು ಕೇಂದ್ರ ಸರ್ಕಾರದ ಕಾನೂನು ಹೇಳಿದರೂ, ಬ್ಯಾಂಕಿನಲ್ಲಿ, ಕಚೇರಿಯಲ್ಲಿ ಹೆತ್ತವರ ಪರವಾಗಿ ಮಾತನಾಡುತ್ತ ಬೆಳೆದ ಹದಿನಾಲ್ಕರ ಹುಡುಗಿಯೊಬ್ಬಳು ಮನೆಯ ಎಲ್ಲ ಚಿಂತೆಯನ್ನೂ ಹೊತ್ತಿರುತ್ತಾಳೆ. ಹಾಗಾಗಿ ದೊಡ್ಡವರ ತರಗತಿ ನಡೆಯುವಾಗ ಪಕ್ಕದ ಕೋಣೆಯನ್ನು ಹರೆಯದವರಿಗೆ ಮೀಸಲಿಟ್ಟೆವು. ಕಾಲೇಜು ಅರ್ಜಿಗೆ ನೆರವು ಕೇಳಿಕೊಂಡು ಬಂದವರು ನಿಧಾನವಾಗಿ ನಿದ್ದೆ ಬಾರದಿರುವುದನ್ನು, ಭಯವನ್ನು ಹೇಳತೊಡಗಿದರು. ಮಾನಸಿಕ ಬಿಕ್ಕಟ್ಟಿನಲ್ಲಿ ಸಹಾಯವಾಣಿ 988ಕ್ಕೆ ಕರೆ ಮಾಡಿ 2 ಒತ್ತಿದರೆ ಸ್ಪ್ಯಾನಿಷಿನಲ್ಲಿ ಮಾತನಾಡಬಹುದೆಂಬುದನ್ನು ಅವರು ತಮ್ಮ ಮನೆಯವರಿಗೂ ತಿಳಿಸಿದ್ದಾರೆ.

ಈಗಿನ ಕಷ್ಟ ವಲಸೆಯ ದಾಖಲೆಗಳದು. 2024ರ ಜನವರಿಯ ಹೊತ್ತಿಗೆ ಮೆಡಿ-ಕ್ಯಾಲ್ ವಲಸೆ ಸ್ಥಿತಿಯನ್ನು ನೋಡದೆ ಎಲ್ಲ ವಯಸ್ಸಿನ ಅರ್ಹರಿಗೂ ತೆರೆದಿತ್ತು. 2025ರಲ್ಲಿ ಕೇಂದ್ರ ಸರ್ಕಾರ ಈ ವಿಮೆ ಪಡೆದವರ ಮಾಹಿತಿಯನ್ನು ವಲಸೆ ಅಧಿಕಾರಿಗಳಿಗೆ ನೀಡಿದ ಮೇಲೆ, ನಿಮ್ಮ ವಿವರ ಎಲ್ಲೂ ಹೋಗುವುದಿಲ್ಲವೆಂದು ಭರವಸೆ ಕೊಡುವುದನ್ನು ನಾವು ನಿಲ್ಲಿಸಿದ್ದೇವೆ. ತಿಳಿದದ್ದನ್ನು ಇದ್ದಂತೆ ಹೇಳಿ ನಿರ್ಧಾರವನ್ನು ಅವರಿಗೇ ಬಿಡುತ್ತೇವೆ. 2026ರ ಜನವರಿಯಿಂದ ದಾಖಲೆಯಿಲ್ಲದ ವಯಸ್ಕರಿಗೆ ಪೂರ್ಣ ವಿಮೆಯ ಹೊಸ ನೋಂದಣಿ ನಿಂತಿದೆ, ಆದರೆ ಈಗಾಗಲೇ ಒಳಗಿರುವವರು ಸಕಾಲಕ್ಕೆ ನವೀಕರಿಸಿದರೆ ಮುಂದುವರಿಯಬಹುದು. ಆದ್ದರಿಂದ ಪ್ರೊಮೊತೋರಾಗಳು ಪ್ರತಿ ಮನೆಯಲ್ಲೂ ಈಗ ಮೊದಲು ಕೇಳುವುದು ವಿಳಾಸ ಬದಲಾಗಿದೆಯೇ, ನವೀಕರಣದ ಲಕೋಟೆ ಬಂದಿದೆಯೇ ಎಂದು. ಬಂದಿದ್ದರೆ ಅದನ್ನು ತರಗತಿಗೇ ತರಿಸಿಕೊಂಡು, ಪಾಠ ಮುಗಿದೊಡನೆ ಅಲ್ಲೇ ಕುಳಿತು ತುಂಬಿಸಿ ಕಳಿಸುತ್ತೇವೆ.