ಐರ್ಲೆಂಡಿನ ಹಳ್ಳಿ ಡಾಕ್ಟರ ಮನೆತನ ಹುಡುಕಿದ ಬಗೆ

ಐರ್ಲೆಂಡಿನ ವಂಶಾವಳಿಗೆ ಕೈಹಾಕಿದವರೆಲ್ಲ ಒಂದು ತಾರೀಖಿಗೆ ಬಂದು ಮುಗ್ಗರಿಸುತ್ತಾರೆ: 1922ರ ಜೂನ್ 30. ಅಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯದ ಆವರಣದಲ್ಲಿದ್ದ ಸರ್ಕಾರಿ ದಾಖಲೆಗಳ ಕಚೇರಿ, ಪಬ್ಲಿಕ್ ರೆಕಾರ್ಡ್ ಆಫೀಸು, ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು, ರಾಶಿಗಟ್ಟಲೆ ಉಯಿಲುಗಳು, ಚರ್ಚ್ ಆಫ್ ಐರ್ಲೆಂಡ್ ಎಂಬ ಪ್ರಾಟೆಸ್ಟೆಂಟ್ ಚರ್ಚಿನ ಅರ್ಧಕ್ಕಿಂತ ಹೆಚ್ಚು ರಿಜಿಸ್ಟರುಗಳು ಬೂದಿಯಾದವು. 1861ರಿಂದ 1891ರವರೆಗಿನ ಗಣತಿಯ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು. ಬೆಂಕಿಗೆ ಹಿಂದಿನ ಗಣತಿಗಳಲ್ಲಿ ಪೂರ್ತಿಯಾಗಿ ಸಿಗುವುದು 1901 ಮತ್ತು 1911ರದು ಮಾತ್ರ. ಅದಕ್ಕೇ ಒಬ್ಬ ಹಳ್ಳಿ ಡಾಕ್ಟರ ಮನೆತನ ಹುಡುಕುವಾಗ ನಾನು ಅಡ್ಡಹೆಸರಿನ ಬೆನ್ನು ಹತ್ತದೆ ಕಸುಬಿನ ಜಾಡು ಹಿಡಿದೆ. ಡಾಕ್ಟರ ಹೆಸರು ಕಾಲೇಜು, ವೈದ್ಯರ ಕೌನ್ಸಿಲ್, ಡಿಸ್ಪೆನ್ಸರಿ (ಬಡವರ ಸಾರ್ವಜನಿಕ ಔಷಧಾಲಯ) ಹೀಗೆ ನಾಲ್ಕಾರು ಕಡೆ ಬರೆದಿಟ್ಟಿರುತ್ತದೆ. ಅವೆಲ್ಲ ಒಂದೇ ಕಟ್ಟಡದಲ್ಲಿ ಇರಲಿಲ್ಲ.

ಮೊದಲು ನೋಡಬೇಕಾದ್ದು ನೋಂದಾಯಿತ ಡಾಕ್ಟರುಗಳ ಪಟ್ಟಿ, ಮೆಡಿಕಲ್ ರಿಜಿಸ್ಟರ್. 1858ರ ಕಾಯಿದೆಯ ನಂತರ, 1859ರಿಂದ ಅದು ಅಚ್ಚಾಗುತ್ತ ಬಂತು. ಹೆಸರು, ಊರು, ನೋಂದಣಿಯ ದಿನ, ಪದವಿ ಮತ್ತು ಅದರ ವರ್ಷ, ಇಷ್ಟೂ ಒಂದೇ ಸಾಲಿನಲ್ಲಿ. ಆ ಪದವಿಯ ಅಕ್ಷರಗಳೇ ಮುಂದಿನ ದಾರಿ. ಎಲ್.ಆರ್.ಸಿ.ಎಸ್.ಐ. ಎಂದಿದ್ದರೆ ಡಬ್ಲಿನ್ನಿನ ಸರ್ಜನರ ಕಾಲೇಜು, ಎಲ್.ಕೆ.ಕ್ಯೂ.ಸಿ.ಪಿ.ಐ. ಎಂದರೆ ಅಲ್ಲಿಯ ಫಿಸಿಶಿಯನ್ನರ ಕಾಲೇಜು, ಎಲ್.ಎ.ಎಚ್. ಎಂದರೆ ಅಪಾಥಿಕರೀಸ್ ಹಾಲ್, ಅಂದರೆ ಔಷಧಿ ಅಂಗಡಿಯಲ್ಲಿ ಪಳಗಿ ಬಂದವರು. ಎಡಿನ್‌ಬರೊ, ಗ್ಲಾಸ್ಗೊ ಎಂ.ಡಿ.ಗಳೂ ಬಹಳ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರಾದರೆ ನಮ್ಮ ಪುಣ್ಯ: 1860ರವರೆಗಿನ ವಿದ್ಯಾರ್ಥಿಗಳ ಅಚ್ಚಾದ ಪಟ್ಟಿಯಲ್ಲಿ ಎಷ್ಟೋ ಸಲ ತಂದೆಯ ಹೆಸರು, ಕಸುಬು, ಸೇರಿದಾಗಿನ ವಯಸ್ಸು ಎಲ್ಲ ಸಿಗುತ್ತದೆ.

ಎರಡು ಕಡೆ ಎಚ್ಚರ ಬೇಕು. ರಿಜಿಸ್ಟರಿನಿಂದ ಹೆಸರು ಮಾಯವಾದರೆ ಡಾಕ್ಟರು ತೀರಿಕೊಂಡರು ಎಂದುಕೊಳ್ಳಬೇಡಿ. ವಿಳಾಸ ಕೇಳಿ ಕಳಿಸಿದ ಪತ್ರಕ್ಕೆ ಆರು ತಿಂಗಳು ಉತ್ತರ ಬರದಿದ್ದರೂ ಹೆಸರು ತೆಗೆಯಬಹುದಿತ್ತು. ಇನ್ನೊಂದು, ಚಿಕ್ಕಪ್ಪ ಮತ್ತು ಅಣ್ಣನ ಮಗ ಒಂದೇ ಹೆಸರಿಟ್ಟುಕೊಂಡು ಒಂದೇ ಕೌಂಟಿಯಲ್ಲಿ ಡಾಕ್ಟರಿಕೆ ಮಾಡಿರುವುದುಂಟು. ಅವರನ್ನು ಬೇರ್ಪಡಿಸುವುದು ಊರಲ್ಲ, ಪದವಿಯ ವರ್ಷ.

ಇದಾದ ಮೇಲೆ ಡಬ್ಲಿನ್ನಿನ ಕಿಲ್ಡೇರ್ ಸ್ಟ್ರೀಟಿನ ಫಿಸಿಶಿಯನ್ನರ ಕಾಲೇಜಿನಲ್ಲಿರುವ ಕರ್ಕ್‌ಪ್ಯಾಟ್ರಿಕ್ ಸಂಗ್ರಹಕ್ಕೆ ಬರೆದು ಕೇಳಿ. ಐರಿಷ್ ಡಾಕ್ಟರುಗಳ ಬಗ್ಗೆ ಒಬ್ಬೊಬ್ಬರಿಗೊಂದು ಲಕೋಟೆಯಂತೆ ಕೂಡಿಟ್ಟ ಟಿಪ್ಪಣಿಗಳು ಅಲ್ಲಿವೆ.

1851ರ ಮೆಡಿಕಲ್ ಚಾರಿಟೀಸ್ ಕಾಯಿದೆ ಇಡೀ ದೇಶವನ್ನು ಡಿಸ್ಪೆನ್ಸರಿ ಜಿಲ್ಲೆಗಳಾಗಿ ಹಂಚಿತು; ಹಳ್ಳಿ ಡಾಕ್ಟರು ಎಂದರೆ ಬಹುಮಟ್ಟಿಗೆ ಈ ಡಿಸ್ಪೆನ್ಸರಿಯ ಡಾಕ್ಟರೇ. 1864ರ ಜನವರಿ 1ರಿಂದ ಎಲ್ಲರ ಜನನ, ಮರಣ, ಮದುವೆ ದಾಖಲಾಗತೊಡಗಿದಾಗ ಜನನ ಮರಣದ ರಿಜಿಸ್ಟ್ರಾರ್ ಕೆಲಸವೂ ಸಾಮಾನ್ಯವಾಗಿ ಇವರ ಹೆಗಲಿಗೇ ಬಿತ್ತು. ಐರಿಷ್ ಜೀನಿಯಾಲಜಿ ಎಂಬ ಸರ್ಕಾರಿ ತಾಣದಲ್ಲಿ ಈ ಪುಟಗಳು ಪುಕ್ಕಟೆಯಾಗಿ ಸಿಗುತ್ತವೆ. ಯಾವ ರೈತನ ಮಗುವಿನ ನಮೂದನ್ನೇ ತೆರೆಯಿರಿ, ಬಲಬದಿಯ ಅಂಕಣದಲ್ಲಿ ರಿಜಿಸ್ಟ್ರಾರ್ ಎಂದು ಡಾಕ್ಟರ ಹೆಸರು. ನಾನು ಆ ಜಿಲ್ಲೆಯ ಪುಟಗಳನ್ನು ವರ್ಷದಿಂದ ವರ್ಷಕ್ಕೆ ತಿರುವುತ್ತ ಆ ಒಂದು ಅಂಕಣವನ್ನೇ ನೋಡಿದೆ. ಹೆಸರು ಮೊದಲು ಕಾಣುವ ತಿಂಗಳು ಡಾಕ್ಟರು ಬಂದದ್ದು, ನಡುವೆ ಬದಲಿ ಹೆಸರು ಬಂದರೆ ಕಾಯಿಲೆಯೋ ರಜೆಯೋ, ಪೂರ್ತಿ ಬದಲಾದರೆ ಹೋದದ್ದು ಅಥವಾ ಸತ್ತದ್ದು. ಆ ತಿಂಗಳು ಗೊತ್ತಾದರೆ ಪೂರ್ ಲಾ ಯೂನಿಯನ್ (ಬಡವರ ಪರಿಹಾರದ ಸ್ಥಳೀಯ ಆಡಳಿತ) ನಡೆಸುತ್ತಿದ್ದ ಗಾರ್ಡಿಯನ್ನರ ನಡಾವಳಿ ಪುಸ್ತಕದಲ್ಲೂ ಊರ ಪತ್ರಿಕೆಯಲ್ಲೂ ಎಲ್ಲಿ ಹುಡುಕಬೇಕು ಎನ್ನುವುದು ತಿಳಿದ ಹಾಗೆ. ತೆರೆಯ ಮೇಲಿನದು ಡಬ್ಲಿನ್ನಿಗೆ ಕಳಿಸಿದ ನಕಲು, ಮೂಲವಲ್ಲ. ಮದುವೆ ಪುಟದ ಸಹಿ ನೋಡಿ ವಧುವಿನ ಕೈಬರಹ ಎಂದು ಭಾವಿಸುವ ತಪ್ಪು ಬಹಳ ಜನ ಮಾಡುತ್ತಾರೆ.

ಮರಣದ ನಮೂದಿನಲ್ಲಿ ತಂದೆ ತಾಯಿಯ ಹೆಸರು ಇರುವುದಿಲ್ಲ. ತಂದೆ ಬೇಕೆಂದರೆ ಮದುವೆಯ ನಮೂದೇ ಗತಿ. ಅದರಲ್ಲಿ ಎರಡೂ ಕಡೆಯ ತಂದೆಯರ ಹೆಸರು, ಕಸುಬು ಇರುತ್ತದೆ. ಕ್ಯಾಥೊಲಿಕ್ ಅಲ್ಲದ ಮದುವೆಗಳು 1845ರ ಏಪ್ರಿಲ್‌ನಿಂದಲೇ ದಾಖಲಾಗಿವೆ. ವಯಸ್ಸಿನ ಜಾಗದಲ್ಲಿ 'ಫುಲ್ ಏಜ್' ಎಂದಷ್ಟೇ ಇದ್ದರೆ 21 ತುಂಬಿದೆ ಎಂದು ಅರ್ಥ, ಅದಕ್ಕಿಂತ ಹೆಚ್ಚೇನೂ ಇಲ್ಲ. ಕ್ಯಾಥೊಲಿಕ್ ಮನೆತನವಾದರೆ ಸುಮಾರು 1880ರವರೆಗಿನ ಪ್ಯಾರಿಷ್ ರಿಜಿಸ್ಟರುಗಳು ನ್ಯಾಷನಲ್ ಲೈಬ್ರರಿಯ ತಾಣದಲ್ಲಿವೆ. ಎಷ್ಟೋ ಕಡೆ ಹೆಸರುಗಳು ಲ್ಯಾಟಿನ್ನಿನಲ್ಲಿರುತ್ತವೆ: ಜೇಮ್ಸ್ ಅಲ್ಲಿ ಜಾಕೋಬಸ್, ವಿಲಿಯಂ ಗುಲಿಯೆಲ್ಮಸ್.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ನಿಧಿ ಡಬ್ಲಿನ್ನಿನ ಹೆನ್ರಿಯೆಟ್ಟಾ ಸ್ಟ್ರೀಟಿನ ರಿಜಿಸ್ಟ್ರಿ ಆಫ್ ಡೀಡ್ಸ್, ಅಂದರೆ ಆಸ್ತಿ ಪತ್ರಗಳ ನೋಂದಣಿ ಕಚೇರಿ. 1708ರಿಂದ ಇರುವ ಕಚೇರಿ, ಬೆಂಕಿಗೆ ಸಿಗಲಿಲ್ಲ. ಡಾಕ್ಟರು ಮದುವೆಯಾಗುವಾಗ ಹೆಣ್ಣಿನ ಕಡೆಯ ಹಣಕ್ಕೆ ಕರಾರು ಮಾಡಿಸಿದ್ದರೆ ಅದರ ಸಾರಾಂಶದಲ್ಲಿ (ಅಲ್ಲಿ ಇದಕ್ಕೆ ಮೆಮೋರಿಯಲ್ ಎನ್ನುತ್ತಾರೆ) ಎರಡೂ ಮನೆತನದವರ ಹೆಸರು ಸಿಗಬಹುದು; ಟ್ರಸ್ಟಿಗಳಾದವರು ಅಣ್ಣತಮ್ಮಂದಿರೋ ಭಾವಮೈದುನರೋ ಆಗಿರುವುದು ಸಾಮಾನ್ಯ. ತೊಡಕು ಒಂದೇ. ಹೆಸರಿನ ಸೂಚಿ ಇರುವುದು ಬರೆದುಕೊಟ್ಟವರದು ಮಾತ್ರ, ಬರೆಸಿಕೊಂಡವರದಿಲ್ಲ. ಡಾಕ್ಟರ ಹೆಸರಿನಲ್ಲಿ ಏನೂ ಸಿಗದಿದ್ದರೆ ಮಾವನ ಹೆಸರಿನಲ್ಲಿ ಹುಡುಕಿ, ಇಲ್ಲವೇ ಜಮೀನಿನ ಸೂಚಿಯಲ್ಲಿ ಟೌನ್‌ಲ್ಯಾಂಡ್ (ಅಲ್ಲಿಯ ಅತಿ ಸಣ್ಣ ಭೂವಿಭಾಗ) ಹೆಸರು ಹಿಡಿದು ಹೋಗಿ. ವಾಲ್ಯೂಮ್, ಮೆಮೋರಿಯಲ್ ಸಂಖ್ಯೆ, ಜೊತೆಗೆ ಕೊಟ್ಟಿರುವ ಪುಟ ಅಥವಾ ವರ್ಷ, ಮೂರನ್ನೂ ಬರೆದುಕೊಳ್ಳಿ. ಒಂದು ಅಂಕಿ ತಪ್ಪಿದರೂ ಬೇರೆಯವರ ಜಮೀನಿಗೆ ಹೋಗಿ ನಿಲ್ಲುತ್ತೀರಿ. ಉಯಿಲು ಸುಟ್ಟಿದ್ದರೂ 1858ರಿಂದೀಚಿನ ಉಯಿಲು ಕ್ಯಾಲೆಂಡರುಗಳು (ವರ್ಷವಾರು ಪಟ್ಟಿಗಳು) ಉಳಿದಿವೆ; ಸತ್ತ ದಿನ, ಆಸ್ತಿಯ ಮೊತ್ತ, ಆಸ್ತಿ ವಿಲೇವಾರಿಯ ಅಧಿಕಾರ ಯಾರಿಗೆ ಹೋಯಿತು ಎಂಬುದು ಅಲ್ಲಿರುತ್ತದೆ.

ಕೊಂಡಿ ಎಲ್ಲೂ ಕೂಡದಿದ್ದರೆ ಇಂಡಿಯಾ ಕಡೆ ತಿರುಗಿ. 1855ರಿಂದ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ಬಂದ ಮೇಲೆ ಐರಿಷ್ ಡಾಕ್ಟರುಗಳು ಅನೇಕರು ಇಲ್ಲಿಗೆ ಬಂದರು, ಹಳ್ಳಿ ಡಾಕ್ಟರ ಮಗನೋ ತಮ್ಮನೋ ಅವರಲ್ಲಿರಬಹುದು. ಬೆಂಗಳೂರು ದಂಡು, ಬಳ್ಳಾರಿ ಕಡೆಯ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ನಮೂದುಗಳ ನಕಲು ಮದ್ರಾಸ್ ಪ್ರಾಂತ್ಯದ ಲೆಕ್ಕದಲ್ಲಿ ಲಂಡನ್ನಿಗೆ ಹೋಗಿ, ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಸರಣಿಯಲ್ಲಿವೆ. ಬೆಳಗಾವಿ, ಧಾರವಾಡದವು ಬೊಂಬಾಯಿಯ ಎನ್/3ರಲ್ಲಿ. ಮದುವೆಯ ನಮೂದಿನಲ್ಲಿ ತಂದೆಯ ಹೆಸರು ಇರುವುದುಂಟು. ಐರ್ಲೆಂಡಿನಲ್ಲಿ ಸುಟ್ಟುಹೋದ ಹೆಸರನ್ನು ಮೊದಲು ಅಲ್ಲಿ ಹುಡುಕಿ.